ಮೂರನೇ ಮಹಡಿಯ ಕೆಟಲ್‌ರವರ ಸನ್ನಿಧಾನಕ್ಕೆ

ಸಕಲ ಗುಣಸಂಪನ್ನರೂ, ಪರರಿಗಾಗಿ ಸದಾ ಕುದಿಯುವವರೂ, ಲೀಡ್ಸ್ ನಗರದ ನಮ್ಮ ವಿಮಾ ಕಂಪನಿಯ ಮೂರನೇ ಮಹಡಿಯ ಅಡುಗೆಮೂಲೆಯಲ್ಲಿ ನೆಲೆಸಿರುವವರೂ ಆದ ಎಲೆಕ್ಟ್ರಿಕ್ ಕೆಟಲ್‌ರವರಿಗೆ, ಇದೇ ಮಹಡಿಯ ಒಂದು ವರ್ಷದ ವಿದ್ಯಾರ್ಥಿ ನೌಕರಳಾದ ಬ್ರಯನಿ ಓಲ್ಡ್‌ರಾಯ್ಡ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ನಾಳೆಗೆ ನನ್ನ ಅವಧಿ ಮುಗಿಯುತ್ತದೆ. ಗಣಿತದ ಪದವಿಯ ನಡುವೆ ಒಂದು ವರ್ಷ ಯಾವುದಾದರೂ ಕಂಪನಿಯಲ್ಲಿ ದುಡಿದು ಬರಬೇಕೆಂಬುದು ನಮ್ಮ ವಿಶ್ವವಿದ್ಯಾಲಯದ ಕಟ್ಟಳೆ, ಚೆನ್ನಾಗಿ ದುಡಿದವರನ್ನು ಓದು ಮುಗಿದ ಮೇಲೆ ಅದೇ ಕಂಪನಿ ಕೆಲಸಕ್ಕೆ ಕರೆಯುವುದು ಕಂಪನಿಗಳ ರೂಢಿ. ಆ ಕರೆಗಾಗಿಯೇ ನಾನು ಬಂದದ್ದು. ಸುಳ್ಳೇಕೆ ಹೇಳಲಿ, ನನಗೆ ಆ ಕೆಲಸ ಬಹಳ ಬೇಕಿತ್ತು. ಈಗಿನ ನನ್ನ ದೂರನ್ನು ಸಿಬ್ಬಂದಿ ವಿಭಾಗಕ್ಕೆ ಬರೆಯಬಹುದಿತ್ತು, ಆದರೆ ಅಲ್ಲಿ ಯಾರಿಗೂ ಯಾವುದರ ಬಿಸಿಯೂ ತಟ್ಟುವುದಿಲ್ಲ. ತಾವಾದರೋ ಗುಂಡಿ ಒತ್ತಿದೊಡನೆ ಬಿಸಿಯಾಗುವ ಸಹೃದಯರು. ಅದಕ್ಕಾಗಿ ಈ ಪತ್ರವನ್ನು ತಮ್ಮ ತಲೆಯ ಮೇಲಿನ ಗೋಡೆಗೇ ಬಹಿರಂಗವಾಗಿ ಅಂಟಿಸುತ್ತಿದ್ದೇನೆ.

ಎಲ್ಲವೂ ಶುರುವಾದದ್ದು ಮೊದಲ ದಿನ ನನಗೆ ಬಾಯಾರಿದ್ದರಿಂದ. ನಮ್ಮ ಸೀಮೆಯ ಕಚೇರಿಗಳಲ್ಲಿ ತನ್ನೊಬ್ಬನಿಗೇ ಟೀ ಮಾಡಿಕೊಳ್ಳುವವನನ್ನು ಕಳ್ಳನಿಗಿಂತ ಒಂದೇ ಮೆಟ್ಟಿಲು ಮೇಲೆ ಕೂರಿಸುತ್ತಾರೆಂಬುದು ತಮಗೆ ತಿಳಿದದ್ದೇ. ಹಾಗಾಗಿ ಎದ್ದು ನಿಂತು, "ಯಾರಿಗಾದ್ರೂ ಟೀ ಬೇಕಾ?" ಎಂದೆ. ಅಷ್ಟು ಹೊತ್ತು ಕಂಪ್ಯೂಟರ್ ಪರದೆಗಳ ಹಿಂದೆ ಅಡಗಿದ್ದ ವಿಭಾಗದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಅಷ್ಟಕ್ಕೇ ನಿಲ್ಲದೆ, ತಮ್ಮ ಸಹಕಾರದಿಂದ ಟೀಯನ್ನು ಚೆನ್ನಾಗಿಯೂ ಮಾಡಿಬಿಟ್ಟೆ. ವಿಭಾಗದ ಮುಖ್ಯಸ್ಥರಾದ ಡೆಸ್ಮಂಡ್ ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, "ಆಹಾ, ಟೀ ಅಂದ್ರೆ ಇದಪ್ಪಾ!" ಎಂದರು. ಪಕ್ಕದ ಮೇಜಿನ ಮಾರೀನ್, ಇಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು, ಸಂಜೆ ನನ್ನನ್ನು ಮೂಲೆಗೆ ಕರೆದು, "ಏನ್ ಮಾಡ್ಕೊಂಡ್ಬಿಟ್ಟೆ ಪುಟ್ಟಾ! ಮೊದಲ್ನೇ ದಿನ ಯಾವಳಾದ್ರೂ ಚೆನ್ನಾಗಿ ಟೀ ಮಾಡ್ತಾಳಾ? ನಾನು ಬಂದ ದಿನ ಉಗುರುಬೆಚ್ಚಗಿನ ನೀರಲ್ಲಿ ಟೀ ಪೊಟ್ಟಣ ಅದ್ದಿ ಕೊಟ್ಟಿದ್ದೆ. ಇವತ್ತಿನವರೆಗೂ ನನ್ನನ್ನ ಒಬ್ರೂ ಕೇಳಿಲ್ಲ ನೋಡು" ಎಂದು ಮರುಗಿದರು.

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನನ್ನ ಪಾಲಿಗೆ ತಿರುಗುಮುರುಗಾಯಿತು: ನಾನು ಮಾಡಿದ್ದನ್ನು ಉಂಡವರು, ಕುಡಿದವರು ಎಲ್ಲ ಬೇರೆಯವರು. ಆದರೂ ಕೃತಘ್ನಳಲ್ಲ. ಡೆಸ್ಮಂಡ್ ಅವರ ಟೀ ಹಳೆಯ ಇಟ್ಟಿಗೆಯ ಬಣ್ಣದಲ್ಲಿರಬೇಕು, ಲೆಕ್ಕಪತ್ರದವರದು ಹೊಸ ಇಟ್ಟಿಗೆಯ ಬಣ್ಣದಲ್ಲಿರಬೇಕು ಎಂಬ ಸೂಕ್ಷ್ಮಗಳನ್ನು ಯಾವ ಪ್ರಾಧ್ಯಾಪಕರೂ ನನಗೆ ಕಲಿಸಿರಲಿಲ್ಲ. ಟೀ ಟೀ ನಡುವೆ ಸಿಕ್ಕ ಬಿಡುವಿನಲ್ಲಿ ಚಳಿಗಾಲವಿಡೀ ಕೂತು ನಾನೊಂದು ಲೆಕ್ಕ ಹಾಕಿದೆ. ಏರ್ ನದಿಯ ದಡದಲ್ಲಿ ವರ್ಷ ವರ್ಷವೂ ನೆಲಮಾಳಿಗೆ ಮುಳುಗುವ ಮನೆಗೂ, ಗುಡ್ಡದ ನೆತ್ತಿಯಲ್ಲಿ ಬಾತುಕೋಳಿಯನ್ನೇ ಕಾಣದ ಮನೆಗೂ ನಮ್ಮ ಕಂಪನಿ ಒಂದೇ ಮೊತ್ತದ ವಿಮಾ ಕಂತು ಕಟ್ಟಿಸಿಕೊಳ್ಳುತ್ತಿದೆ ಎಂದು ಅದರಲ್ಲಿ ತೋರಿಸಿದ್ದೆ. ಡೆಸ್ಮಂಡ್ ಕೊನೆಯ ಪುಟವನ್ನು ಮಾತ್ರ ಓದಿ, "ಜೂನ್ ಮೀಟಿಂಗ್‌ಗೆ ನೀನೂ ಬಾ, ದೊಡ್ಡೋರೆಲ್ಲ ಬರ್ತಾರೆ" ಎಂದರು. ಬ್ಯಾಟ್ಲಿ ಊರಿನಲ್ಲಿರುವ ನನ್ನಮ್ಮ ನನ್ನ ಹೊಸ ಕೋಟಿಗೆ ತಾನೇ ಇಸ್ತ್ರಿ ಹಾಕಿ, ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು.

ಆ ದಿನ ಕಾಗದಗಳನ್ನು ಎದೆಗವಚಿಕೊಂಡು ಒಳಗೆ ಕಾಲಿಟ್ಟೆನೋ ಇಲ್ಲವೋ, ನಿರ್ದೇಶಕರೊಬ್ಬರು ಮುಖವರಳಿಸಿ, "ಬಂದ್ಯಾ ಪುಟ್ಟಾ? ನಂಗೆ ಹಾಲು ಕಮ್ಮಿ, ಸಕ್ಕರೆ ಎರಡು" ಎಂದರು. ನಮ್ಮ ಜನಕ್ಕೊಂದು ರೋಗವಿದೆ, ಕಾಲು ತುಳಿದವನಿಗೂ ತುಳಿಸಿಕೊಂಡವರೇ ಕ್ಷಮೆ ಕೇಳುವ ರೋಗ. ನಾನು "ಕ್ಷಮಿಸಿ" ಎಂದು ಹೇಳಿ, ಕಾಗದಗಳನ್ನು ಮೇಜಿನ ಮೇಲಿಟ್ಟು, ನೇರ ತಮ್ಮ ಬಳಿಗೆ ಬಂದೆ. ಮಾನ್ಯರೇ, ಅಂದು ಒಮ್ಮೆ, ಒಂದೇ ಒಂದು ಬಾರಿ ತಾವು ಕುದಿಯಲು ನಿರಾಕರಿಸಬಹುದಿತ್ತಲ್ಲವೇ? ಎಂದೂ ಇಲ್ಲದ ಉತ್ಸಾಹದಿಂದ ಕುದಿದಿರಿ. ಟ್ರೇ ಹಿಡಿದು ನಾನು ಮರಳುವಷ್ಟರಲ್ಲಿ ಡೆಸ್ಮಂಡ್ ನನ್ನ ಲೆಕ್ಕವನ್ನು ಸ್ವಂತದ್ದೆಂಬಂತೆ ಓದಿ ಮುಗಿಸಿದ್ದರು, ಚಪ್ಪಾಳೆಯೂ ಮುಗಿಯುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ಇಲ್ಲಿ ಬಂದು ಅತ್ತೆ. ಕಣ್ಣೇಕೆ ಕೆಂಪಗಿದೆ ಎಂದು ಕೇಳಿದವರಿಗೆ ತಮ್ಮ ಹಬೆಯ ಮೇಲೆ ತಪ್ಪು ಹೊರಿಸಿದ್ದೇನೆ, ಅದಕ್ಕೆ ಕ್ಷಮೆಯಿರಲಿ.

ಕಳೆದ ವಾರ ನಮ್ಮಿಬ್ಬರಿಗೂ ವಾರ್ಷಿಕ ಪರೀಕ್ಷೆ ನಡೆಯಿತು. ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಬ್ಯಾರಿ ತಮ್ಮನ್ನು ತಲೆಕೆಳಗು ಮಾಡಿ, ತಂತಿ ಎಳೆದು, ಮೂಸಿ ನೋಡಿ, ಸಾಕಷ್ಟು ಯೋಚಿಸಿದ ಮೇಲೆಯೇ "ಪಾಸ್" ಎಂಬ ಹಸಿರು ಚೀಟಿ ಅಂಟಿಸಿದರು. ನನ್ನ ಪರೀಕ್ಷೆಯನ್ನು ಡೆಸ್ಮಂಡ್ ಲಿಫ್ಟಿನಿಂದ ಈ ಮೂಲೆ ಕಣ್ಣಿಗೆ ಬೀಳುವಷ್ಟು ದೂರ ನಡೆಯುತ್ತಲೇ ಮುಗಿಸಿದರು: "ನೀನು ಬಂಗಾರ ಕಣಮ್ಮಾ. ಓದು ಮುಗಿಸ್ಕೊಂಡು ಸೀದಾ ಇಲ್ಲಿಗೇ ಬಂದ್ಬಿಡು." ನಾನು ವರ್ಷವಿಡೀ ಕಾದಿದ್ದ ಕರೆ ಅದು. "ಯಾವ ಕೆಲಸಕ್ಕೆ, ಡೆಸ್ಮಂಡ್?" ಎಂದು ಕೇಳಿದೆ. ಅವರ ಕಣ್ಣು ದೂರದಿಂದಲೇ ತಮ್ಮ ಮೇಲೆ ಬಿತ್ತು. ನಾನೂ ತಮ್ಮನ್ನೇ ನೋಡಿದೆ. ಆಮೇಲೆ "ಬೇಡ" ಎಂದೆ. ಹುಟ್ಟಿದಾಗಿನಿಂದ ಮೊದಲ ಸಲ, ಹಿಂದೆ ಮುಂದೆ "ಕ್ಷಮಿಸಿ" ಸೇರಿಸದೆ, ಬರೀ "ಬೇಡ".

ತಮ್ಮಲ್ಲಿ ನನ್ನದು ಎರಡೇ ಬಿನ್ನಹ. ಡೆಸ್ಮಂಡ್ ಎಂದಾದರೂ ತಮ್ಮ ಗುಂಡಿ ಒತ್ತಿದರೆ, ನದಿ ದಡದ ಲೆಕ್ಕವನ್ನು ಅವರು ಮೊದಲ ಪುಟದಿಂದ ಓದಿ ಅರ್ಥ ಮಾಡಿಕೊಳ್ಳುವವರೆಗೆ ದಯವಿಟ್ಟು ಕುದಿಯಬೇಡಿ. ಸೋಮವಾರ ನನ್ನ ಜಾಗಕ್ಕೆ ಹೊಸ ವಿದ್ಯಾರ್ಥಿನಿ ಬರುತ್ತಾಳೆ, ಪಾಪ ಅವಳಿಗೂ ಬಾಯಾರುತ್ತದೆ. ಅವಳ ಮೊದಲ ಟೀಯನ್ನು ಮನುಷ್ಯಮಾತ್ರರು ಕುಡಿಯಲಾಗದಂತೆ ಕೆಡಿಸಿಕೊಡಿ. ಆ ಹುಡುಗಿಯ ಭವಿಷ್ಯ ತಮ್ಮ ಮೂತಿಯಲ್ಲಿದೆ.

ಇಂತಿ, ಇನ್ನು ಮುಂದೆ ಯಾರಿಗಾಗಿಯೂ ಕುದಿಯದ,
ತಮ್ಮ ವಿಶ್ವಾಸಿ,
ಬ್ರಯನಿ ಓಲ್ಡ್‌ರಾಯ್ಡ್

ತಾ.ಕ.: ಜೂನ್ ಮೀಟಿಂಗಿನ ಮರುದಿನದಿಂದ ಈ ಮಹಡಿಯವರಿಗೆ ನಾನು ಕುಡಿಸುತ್ತಿರುವುದು ನಿದ್ದೆ ಓಡಿಸುವ ಕೆಫೀನ್ ತೆಗೆದ ಸಪ್ಪೆ ಟೀ. ಅಸಲಿ ಟೀ ಮಾರೀನ್ ಅವರ ಡ್ರಾಯರಿನಲ್ಲಿದೆ, ಅದರಿಂದಲೇ ಅವರೊಬ್ಬರು ಎಚ್ಚರವಾಗಿದ್ದಾರೆ. ವಿಭಾಗವೇಕೆ ಮಧ್ಯಾಹ್ನವೆಲ್ಲ ತೂಕಡಿಸುತ್ತಿದೆ ಎಂದು ತಿಳಿಯಲು ಡೆಸ್ಮಂಡ್ ಒಂದು ಸಮಿತಿ ನೇಮಿಸಿದ್ದಾರೆ, ಅದರ ಸಭೆಗಳಿಗೂ ಟೀ ನನ್ನದೇ. ಗುಟ್ಟನ್ನು ಹೀಗೆ ಗೋಡೆಯ ಮೇಲೆ ಬರೆಯಬಹುದೇ ಎಂದು ತಾವು ಗಾಬರಿಯಾಗಬೇಡಿ. ಡೆಸ್ಮಂಡ್ ಇದನ್ನು ಓದಬೇಕಾದರೆ, ಕುಡಿಯುವ ಟೀಯನ್ನು ಸ್ವತಃ ಮಾಡಿಕೊಳ್ಳಲು ಇಲ್ಲಿಯವರೆಗೆ ಬರಬೇಕಲ್ಲ.