ಅಕ್ಕೋರ ಮಸುಕು ಫೋಟೋ

ಕೈಯಲ್ಲಿ ಕಸುಬಿರುವ ಮನುಷ್ಯನಿಗೆ ಸ್ವಲ್ಪ ಜಂಬವೂ ಇರಬೇಕು, ಇಲ್ಲದಿದ್ದರೆ ಗಿರಾಕಿಗಳೇ ಅವನಿಗೆ ಕಸುಬು ಕಲಿಸಲು ಶುರುಮಾಡುತ್ತಾರೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಹೊನ್ನಾವರದ ನನ್ನ ಸ್ಟುಡಿಯೋದಲ್ಲಿ ತೆಗೆದ ಫೋಟೋದಲ್ಲಿ ಹುಬ್ಬಿನ ಕೂದಲನ್ನು ಒಂದೊಂದಾಗಿ ಎಣಿಸಬಹುದು. ಕೆಲವು ಹೆಂಗಸರು ಇದೇ ಕಾರಣಕ್ಕೆ ಕುಮಟೆಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆಂದು ಹೆಂಡತಿ ಹೇಳುವುದುಂಟು. ಅದನ್ನೆಲ್ಲ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ನನಗೆ ಪಾಠ ಹೇಳಿದ ಅಕ್ಕೋರು ಬಂದರು. ನನ್ನನ್ನು ಶಾಲೆ ಬಿಡಿಸಬೇಡಿ ಎಂದು ಅಪ್ಪನಿಗೆ ಹೇಳಲು ಮೂರು ಸಲ ನಮ್ಮ ಮನೆಯ ಮೆಟ್ಟಿಲು ಹತ್ತಿದವರು. ನಿವೃತ್ತಿ ಹತ್ತಿರ ಬಂದಿತ್ತು; ಶಾಲೆಯ ಗೋಡೆಗೆ ಫೋಟೋ ಬೇಕಾಗಿತ್ತು. ಶಾಲೆ ಬಿಟ್ಟರೂ ಹುಡುಗ ಕೆಟ್ಟಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೆ? ಎಸಿ ಜೋರು ಮಾಡಿ ಕೂರಿಸಿದೆ.

ಅವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ವಿಕ್ಟೋರಿಯಾ ರಾಣಿಯ ಕಾಲದ ಯಾವಳೋ ಹೆಂಗಸು ಶಾಲು ಹೊದ್ದು, ಕೂದಲು ಬಿಚ್ಚಿ ಕೂತಿದ್ದಾಳೆ. ಮುಖ ಹಾಲಿನಲ್ಲಿ ಅದ್ದಿ ತೆಗೆದಷ್ಟು ಮಸುಕು.

"ಅಕ್ಕೋರೆ, ಇದು ಕೆಟ್ಟುಹೋದ ಫೋಟೋ," ಎಂದೆ.

"ಅಲ್ದೋ ಗಣಪ, ಆಗ ಬೇಕಂತಲೇ ಹಾಂಗೆ ತೆಗಿತಿದ್ರು. ಆ ಹೆಂಗಸರು ನಿಮಿಷಗಟ್ಟಲೆ ಅಲ್ಲಾಡದೆ ಕೂತ್ಕಂತಿದ್ರು. ನಂಗೂ ಇಂಥದ್ದೇ ಬೇಕು. ಗೋಡೆ ಮೇಲೆ ಮಕ್ಕಳು ನನ್ನ ನೋಡ್ಬೇಕು, ನನ್ನ ಸುಕ್ಕು ಲೆಕ್ಕ ಮಾಡೂದಲ್ಲ. ನಿನ್ನ ಲೈಟು ಬೇಡ, ಹಿತ್ತಿಲ ಬೆಳಕು ಸಾಕು."

ಕ್ಯಾಮೆರಾ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಎಂಟು ಫೋಟೋ ತೆಗೆದೆ. ಮಸುಕು ಮಾಡುವುದನ್ನು ಆಮೇಲೆ ಕಂಪ್ಯೂಟರಿನಲ್ಲಿ ನೋಡಿಕೊಂಡರಾಯಿತು ಎಂದಿದ್ದೆ. ತೆರೆದು ನೋಡಿದರೆ ಎಂಟೂ ಆಗಲೇ ಮಸುಕು. ಎಸಿಯಲ್ಲಿ ತಣ್ಣಗಾದ ಲೆನ್ಸು ಕಡಲ ಗಾಳಿಗೆ ಬಂದೊಡನೆ ಬೆವರಿತ್ತು. ಕ್ಯಾಮೆರಾವನ್ನು ಕಾಲು ತಾಸು ಹೊರಗಿಟ್ಟೇ ಫೋಟೋ ತೆಗೆಯಬೇಕೆಂಬುದು ನಮ್ಮ ಕರಾವಳಿಯಲ್ಲಿ ಕಸುಬು ಕಲಿಯುವ ಹುಡುಗರಿಗೂ ಗೊತ್ತು; ಅಕ್ಕೋರು ಬಂದ ಸಂಭ್ರಮದಲ್ಲಿ ನಾನೇ ಮರೆತಿದ್ದೆ. ಆದರೆ ಆ ಮಂಜಿನೊಳಗೆ ಅಕ್ಕೋರು, ಹಾಜರಿ ಕೂಗಿ ಮುಗಿಸಿ ಈಗಷ್ಟೇ ಕಿಟಕಿಯಾಚೆ ನೋಡಿದಂತೆ, ಚಂದ ಕಾಣುತ್ತಿದ್ದರು. ಎಂಟರಲ್ಲಿ ಒಂದನ್ನು ಹಾಗೆಯೇ ಪ್ರಿಂಟ್ ಹಾಕಿದೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನಾನು ಹಿಂಗೂ ಇದ್ನೇನೋ? ಎಂತ ಮಾಡ್ದೆ ನೀನು?"

ಬೆಳಕಿನ ಕೋನ, ಲೆನ್ಸಿನ ಮರ್ಮ, ಇಂಗ್ಲಿಷರ ಪದ್ಧತಿ ಎಂದು ಕಾಲು ತಾಸು ಭಾಷಣ ಬಿಗಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಕೇಳಿದರು.

"ಆತು," ಎಂದು ಫೋಟೋವನ್ನು ಚೀಲಕ್ಕೆ ಹಾಕಿಕೊಂಡರು. "ಹಿತ್ತಿಲಿಗೆ ಬಂದ ಕೂಡ್ಲೆ ನನ್ನ ಕನ್ನಡಕಕ್ಕೂ ಮಂಜು ಹಿಡಿದಿತ್ತು ಮಾರಾಯ. ನಾನು ಒರೆಸ್ಕಂಡೆ."

ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ. ಅದನ್ನು ನೋಡಿ ಮೊನ್ನೆ ಮೂವರು ಅಕ್ಕೋರು ಅಂಥದ್ದೇ ಬೇಕೆಂದು ಬಂದರು. ಕ್ಯಾಮೆರಾವನ್ನು ಎಸಿಯಲ್ಲಿಟ್ಟು, ಅದು ತಣ್ಣಗಾಗುವವರೆಗೆ ಅವರಿಗೂ ಅದೇ ಭಾಷಣ ಕೊಟ್ಟೆ. ಮೂವರ ಕನ್ನಡಕವನ್ನು ಮಾತ್ರ ಮೊದಲೇ ತೆಗೆಸಿ ಇಟ್ಟುಕೊಂಡಿದ್ದೆ.