ಮಾಸ್ತರ ಬೂದು ಪ್ಯಾಂಟು

ಭಾಷಣಕ್ಕೆ ಎರಡೂ ಕೈ ಬೇಕಾಗಿದ್ದರಿಂದ ಟೈಲರು ಇಸ್ತ್ರಿ ಪೆಟ್ಟಿಗೆಯನ್ನು ಪ್ಯಾಂಟಿನ ಮೇಲೆಯೇ ಬಿಟ್ಟ. ಎಲ್ಲ ಅನಾಹುತಕ್ಕೂ ಇಷ್ಟೇ ಮೂಲ.

“ಜಗತ್ತೆಲ್ಲ ಒಂದೇ ಸಂತೆ ಅಂತಾರೆ! ಎಲ್ಲೋ ಒಬ್ಬ ಹೆಣ್ಣುಮಗಳು ಊಟಕ್ಕೂ ಏಳದೆ ಹೊಲೀತಾಳೆ, ಇಲ್ಲಿ ನನ್ನ ಮಿಷನ್ನು ತುಕ್ಕು ಹಿಡಿಯುತ್ತೆ. ಲಾಭ ಇಬ್ಬರಿಗೂ ಇಲ್ಲ!” ಎಂದು ಬೀದಿಯ ತುದಿಯ ಹೊಸ ರೆಡಿಮೇಡ್ ಮಳಿಗೆಯತ್ತ ಕೈ ಬೀಸಿದ.

ಪಕ್ಕದಂಗಡಿಯ ಕ್ಷೌರಿಕ ಬಿಡಲಿಲ್ಲ. “ಸುಮ್ನಿರಯ್ಯ. ಮೂವರು ಅಣ್ಣಂದಿರು ಹಾಕಿ ಬಿಟ್ಟ ಚಡ್ಡೀನೇ ನನಗೆ ಹೊಸದಾಗಿತ್ತು. ಈಗ ನನ್ನ ಮಗ ಅಂಗಡಿಗೆ ಹೋಗಿ ಆರಿಸ್ಕೋತಾನೆ. ಅದೂ ತಪ್ಪಾ? ಅಯ್ಯೋ, ಏನೋ ಸೀದ ವಾಸನೆ!”

ಪ್ಯಾಂಟಿನ ಹಿಂಭಾಗದಲ್ಲಿ ದೋಣಿಯಾಕಾರದ ಕಿಟಕಿಯೊಂದು ತೆರೆದುಕೊಂಡಿತ್ತು. ಟೈಲರು ಅದನ್ನು ಮುದುರಿ ಬೆನ್ನ ಹಿಂದೆ ಅಡಗಿಸಿ, “ನಿನ್ನ ಅಂಗಡೀದೇ ಇರಬೇಕು, ಹೋಗಿ ನೋಡು” ಎಂದು ಅವನನ್ನು ಸಾಗಹಾಕಿದ.

ಆಗಷ್ಟೇ ಹೊಲಿದು ಮುಗಿಸಿದ್ದ ಆ ಪ್ಯಾಂಟು ನಿವೃತ್ತ ಪೋಸ್ಟ್ ಮಾಸ್ತರದು. ಸಂಜೆಯ ರೈಲಿಗೆ ಅದನ್ನೇ ಹಾಕಿಕೊಂಡು ಹೊರಡುವವರು. ಒಂದು ಕಾಲದಲ್ಲಿ ಈ ಬೀದಿಯ ಗಂಡಸರ ಹೊಟ್ಟೆ ಬೆಳೆದ ಚರಿತ್ರೆಯೆಲ್ಲ ಟೈಲರನ ಟೇಪಿಗೆ ಗೊತ್ತಿತ್ತು. ಒಂದೇ ಬಟ್ಟೆ ತಾನಿನಲ್ಲಿ ಅಪ್ಪನಿಗೂ ಮಕ್ಕಳಿಗೂ ಅಂಗಿ. ಉಳಿದ ತುಂಡಿಗಾಗಿ ಗೊಂಬೆಗಳಿದ್ದ ಹುಡುಗಿಯರ ಜಗಳ. ಈಗ ದಿಂಬಿನ ಕವರು, ಕೆಟ್ಟ ಜಿಪ್ಪು. ಪ್ಯಾಂಟು ಹೊಲಿಸುವವರೆಂದರೆ ಮಾಸ್ತರೊಬ್ಬರೇ. ಅವರೂ ಕೈಬಿಟ್ಟರೆ ತಾನು ಟೈಲರೆಂದು ಹೇಳಿಕೊಳ್ಳಲು ಬೋರ್ಡೊಂದೇ ಉಳಿಯುತ್ತಿತ್ತು.

ಬೇರೆ ದಾರಿಯಿರಲಿಲ್ಲ. ಹಿಂದಿನ ಗಲ್ಲಿಯಿಂದ ಸುತ್ತಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಮಳಿಗೆಗೆ ನುಗ್ಗಿದ.

“ಸೈಜ್ ಎಷ್ಟು ಸಾರ್?” ಎಂದಳು ಕೌಂಟರಿನ ಹುಡುಗಿ.

“ಸೈಜ್ ಇರೋದು ಚಪ್ಪಲಿಗೆ ಕಣಮ್ಮ. ಮನುಷ್ಯನಿಗೆ ಅಳತೆ ಇರುತ್ತೆ!” ಎಂದು ಗದರಿ, ಬೂದು ಪ್ಯಾಂಟುಗಳ ರಾಶಿಯಲ್ಲಿ ಗೇಣು ಹಾಕಿ ಹಾಕಿ ಒಂದನ್ನು ಎಳೆದ.

“ಅಣ್ಣಾ, ನೀವಿಲ್ಲಿ?”

ತಿರುಗಿದರೆ ಕ್ಷೌರಿಕನ ಹೆಂಡತಿ!

“ಶತ್ರುವಿನ ಬಲಾಬಲ ನೋಡೋಕೆ ಬಂದೆ ತಾಯಿ.”

“ಕೈಲಿರೋದು?”

“ಸಾಕ್ಷಿ!”

ಅವಳು ತನ್ನ ಚೀಲವನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಇದು ಮೂರನೇ ಸೀರೆ, ನಮ್ಮವರಿಗೆ ಗೊತ್ತಿಲ್ಲ. ನೀವು ನನ್ನ ನೋಡಿಲ್ಲ, ನಾನೂ ನಿಮ್ಮ ನೋಡಿಲ್ಲ.”

ಅಂಗಡಿಗೆ ಬಂದವನೇ ಟೈಲರು ಪ್ಯಾಂಟಿನ ಲೇಬಲ್ಲು ಕಿತ್ತ, ಅಲ್ಲಲ್ಲಿ ಸೀಮೆಸುಣ್ಣ ಉಜ್ಜಿದ, ತನ್ನ ಮೊಳೆಗೆ ತೂಗುಹಾಕಿದ. ಹೊತ್ತಿಗೆ ಸರಿಯಾಗಿ ಮಾಸ್ತರು ಬಂದರು. ಮೂಲೆಯ ಪರದೆಯೊಳಗೆ ಹೋಗಿ ತೊಟ್ಟು ಈಚೆ ನಿಂತರು. ಇಣುಕಲು ಬಂದ ಕ್ಷೌರಿಕ ಅವರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಸೋತೆ ಕಣಯ್ಯಾ! ಕೈ ಅಂದ್ರೆ ಇದು. ಆ ಹೊರಗಿನ ಮಾಲಿಗೆ ಈ ಫಿಟಿಂಗ್ ಎಲ್ಲಿಂದ ಬರಬೇಕು? ಇರು, ಮನೇಲೊಂದು ಬಟ್ಟೆ ಇದೆ, ತರ್ತೀನಿ” ಎಂದು ಓಡಿದ.

ಟೈಲರು ನಗಲೋ ಅಳಲೋ ಎಂದು ನಿಂತಿರುವಾಗ ಮಾಸ್ತರು ಅವನ ರಟ್ಟೆ ಹಿಡಿದು ಪರದೆಯೊಳಗೆ ಎಳೆದುಕೊಂಡರು.

“ಇಂಥವೇ ಇನ್ನೆರಡು ಮನೇಲಿವೆ ಕಣಯ್ಯಾ” ಎಂದರು ಮೆಲ್ಲಗೆ.

“ಮತ್ತೆ… ನಾನು ಹೊಲಿದು ಕೊಟ್ಟಿದ್ದೆಲ್ಲ?”

“ಪೆಟ್ಟಿಗೇಲಿ ಭದ್ರವಾಗಿವೆ. ನೀನು ಅಂಗಡಿ ಮುಚ್ಚಿದ್ರೆ ಸಂಜೆ ಯಾರ ಹತ್ರ ಕೂತು ಜಗಳ ಆಡಲಿ? ಅದಕ್ಕೇ ಹೊಲಿಸ್ತಿದ್ದೆ. ಇನ್ಮೇಲೆ ಆ ಕಷ್ಟ ನಿನಗೂ ಬೇಡ, ನನಗೂ ಬೇಡ. ನೀನೂ ಅಲ್ಲಿಂದಲೇ ತರೋದಾದ್ರೆ, ನಾನೇ ಹೋಗಿ ತಗೋತೀನಿ ಬಿಡು.”

ಮಾಸ್ತರು ಬೆನ್ನು ತಟ್ಟಿ ರೈಲಿಗೆ ಹೊರಟರು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಕ್ಷೌರಿಕ ಬಟ್ಟೆ ತಂದು ಮೇಜಿನ ಮೇಲೆ ಕುಕ್ಕಿ, ಕೈ ಅಗಲಿಸಿ ನಿಂತ.

“ಹ್ಞೂಂ, ಅಳತೆ ತಗೋ. ಥೇಟ್ ಅವರದ್ದರ ಹಾಗೇ ಇರಬೇಕು. ಒಂದೆಳೆ ಹೆಚ್ಚುಕಮ್ಮಿ ಆದ್ರೂ ನಾನು ಒಪ್ಪಲ್ಲ!”

ಟೈಲರು ಕೊರಳಿನ ಟೇಪು ತೆಗೆದ. ಎಲ್ಲಿಂದ ಹಿಡಿಯಬೇಕೆಂದು ಅವನಿಗೆ ಹೊಳೆಯಲಿಲ್ಲ.