ಎದುರುಮನೆಯವರು ವಿಮಾನದಲ್ಲಿ ಕಾಯಿ ಒಡೆದದ್ದು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಆ ಬಾಗಿಲು ಮುಂದಕ್ಕೆ ಎಳೆದುಬಿಡಿ. ಇದನ್ನು ಓದಿದ ಮೇಲೆ ಯಾರ ಮುಂದೆಯೂ ಬಾಯಿ ಬಿಡಕೂಡದು, ಪುಸ್ತಕವನ್ನೂ ಇನ್ನೊಬ್ಬರ ಕೈಗೆ ಕೊಡಕೂಡದು. ಕೂಲಿಮಠದಲ್ಲಿ ಕಾಗುಣಿತ ಮುಗಿಯುವ ಹೊತ್ತಿಗೆ ನನಗೆ ಮದುವೆಯಾಯಿತು, ನನ್ನ ಓದು ಅಷ್ಟೇ. ಆದರೆ ಗುಟ್ಟು ಕಾಪಾಡೋದರಲ್ಲಿ ಚನ್ನರಾಯಪಟ್ಟಣದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಯಾರ್ಯಾರ ಮನೆಯ ಯಾವ್ಯಾವ ಗುಟ್ಟು ಕಾಪಾಡಿದ್ದೇನೆ ಅಂತ ಇಡೀ ಬೀದಿಗೇ ಹೇಳಿದ್ದೇನೆ, ಬೇಕಾದರೆ ಕೇಳಿ.

ಕೆಲವರ ಮನೆಯಲ್ಲಿ ಒಂದು ಮುಗಿಯಿತು ಅನ್ನೋದರೊಳಗೆ ಇನ್ನೊಂದು ಆಗುತ್ತಲೇ ಇರುತ್ತೆ. ನಮ್ಮ ಎದುರುಮನೆ ಅಂಥದ್ದು. ಆ ಮನೆಯ ಯಜಮಾನ ತೆಂಗಿನಕಾಯಿ ಮಂಡಿ ಸಾಹುಕಾರ. ಆಗಿನ್ನೂ ದೇಶಕ್ಕೆ ನಯಾಪೈಸೆ ನಾಣ್ಯ ಬಂದ ಹೊಸತು. ಅವರ ಮಗಳಿಗೆ ಹೊಳೆನರಸೀಪುರದ ಒಂದು ಗಂಡು ಗೊತ್ತಾಗುವುದರಲ್ಲಿತ್ತು. ಆ ಹುಡುಗನ ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ರಿಟೈರಾದವರು. ಕೋರ್ಟಿನಲ್ಲಿ ಸಾಬೀತಾಗದ ಹೊರತು ಇವತ್ತು ಸೋಮವಾರ ಅಂದರೂ ನಂಬದ ಆಸಾಮಿ. ಅಷ್ಟರಲ್ಲಿ ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರನೊಬ್ಬ ತನ್ನ ಮಗಳಿಗೂ ಅದೇ ಹುಡುಗನೇ ಬೇಕು ಅಂತ ಹೊಸ ಕಾರಿನಲ್ಲಿ ಹೋಗಿ ಇಳಿದುಬಿಟ್ಟ.

ಅವನು ಕಾರು ಹತ್ತಿದರೆ ನಾನು ವಿಮಾನ ಹತ್ತುತ್ತೇನೆ ಅಂತ ನಮ್ಮ ಸಾಹುಕಾರ ವ್ಯಾಪಾರದ ನೆಪ ಹೇಳಿ ಬೊಂಬಾಯಿಗೆ ಹಾರಿಹೋಗಿ ಹಾರಿಬಂದ. ಶಿರಸ್ತೇದಾರರು ಕೇಳಿದ್ದು ಒಂದೇ ಮಾತು: "ಹಾರಿದ್ದಕ್ಕೆ ಸಾಕ್ಷಿ?" ಕಾರಿಗಾದರೆ ಊರೆಲ್ಲ ಸಾಕ್ಷಿ, ಆಕಾಶದಲ್ಲಿ ಯಾರಿದ್ದಾರೆ? ಸಂಬಂಧ ಅರಕಲಗೂಡಿನ ಕಡೆ ವಾಲತೊಡಗಿತು.

ಆಗಲೇ ಒಂದು ಮಧ್ಯಾಹ್ನ ಸಾಹುಕಾರನ ಹೆಂಡತಿ ನನ್ನನ್ನು ಕರೆದು, ಚಿಕೋರಿ ಬೆರೆಸದ ಕಾಪಿ ಕೊಟ್ಟು, ಕಣ್ಣೊರೆಸಿಕೊಂಡು ಹೇಳಿದ್ದು ಇದು. "ನಿನ್ ಕಾಲ್ಗೆ ಬೀಳ್ತೀನಿ ಕಣಕ್ಕ, ಯಾರ್ಗೂ ಯೋಳ್ಬ್ಯಾಡ. ಒಳೆನರಸೀಪುರದವ್ರ ಕಿವೀಗಂತೂ ಬೀಳಲೇಬಾರ್ದು."

ಟವಲ್ಲು

ಬೆಂಗಳೂರಿನಲ್ಲಿ ವಿಮಾನಕ್ಕೆ ಎಲ್ಲರೂ ಸಾಲಾಗಿ ನಡೆದು ಹೋಗುತ್ತಿದ್ದರಂತೆ. ನಮ್ಮ ಸಾಹುಕಾರನಿಗೆ ಬಸ್ ಸ್ಟಾಂಡಿನ ಅಭ್ಯಾಸ. ಪಂಚೆ ಎತ್ತಿ ಕಟ್ಟಿ, ಎಲ್ಲರನ್ನೂ ತಳ್ಳಿಕೊಂಡು ಏಣಿ ಹತ್ತಿ, ಎಲ್ಲಕ್ಕಿಂತ ಮುಂದಿನ ಸೀಟಿಗೆ ಟವಲ್ ಹಾಕಿ ಬಂದನಂತೆ. ಒಳ್ಳೆ ಮೆತ್ತನೆ ಸೀಟು, ಎದುರಿಗೆ ದೊಡ್ಡ ಗಾಜು. ಸ್ವಲ್ಪ ಹೊತ್ತಿಗೆ ಟೋಪಿ ಹಾಕಿದ ಪೈಲಟ್ಟು ಟವಲ್ ಹಿಡಿದುಕೊಂಡು ಬಂದ.

"ಯಾರದ್ದು ಇದು?"

"ನಂದು ಸಾ. ಮೊದ್ಲು ಟವಲ್ ಆಕ್ದವ್ನು ನಾನು."

"ಅದು ವಿಮಾನ ಓಡಿಸೋ ಸೀಟು ಕಣ್ರೀ! ನೀವು ಅಲ್ಲಿ ಕೂತರೆ ನಾನೆಲ್ಲಿ ಕೂರಲಿ?"

"ಇಂದ್ಗಡೆ ಬೇಕಾದಷ್ಟು ಖಾಲಿ ಅವೆ ಸಾ."

ಓಲ್ಡಾನ್

ವಿಮಾನ ಮೇಲೆದ್ದು ಮೋಡ ದಾಟಿತು. ಬೆಳಗ್ಗೆ ಕುಡಿದ ಎಳನೀರು ತನ್ನ ಕೆಲಸ ಶುರು ಮಾಡಿತು. ಸಾಹುಕಾರ ಎಷ್ಟು ಹೊತ್ತು ಅಂತ ತಡೆದಾನು? ಎದ್ದು ನಿಂತು, ಬಸ್ಸು ನಿಲ್ಲಿಸೋ ಕಂಡಕ್ಟರನ ಹಾಗೆ ವಿಮಾನದ ಗೋಡೆಗೆ ದಬದಬ ಬಡಿದ.

"ಓಲ್ಡಾನ್! ಓಲ್ಡಾನ್! ನಿಲ್ಸಿ ಒಂದ್ಗಳಿಗೆ!"

ಏನಾಯಿತೋ ಅಂತ ಹಿಂದಿನ ಸೀಟಿನ ಹೆಂಗಸು ಕಿಟಾರನೆ ಕಿರುಚಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರು ಕಿರುಚಿದರು. ಸೀರೆಯುಟ್ಟ ವಿಮಾನದ ಹುಡುಗಿ ಓಡಿ ಬಂದು, "ಇದು ಬಸ್ಸಲ್ಲ, ಹೀಗೆಲ್ಲ ಗಲಾಟೆ ಮಾಡೋದು ಕಾನೂನಿಗೆ ವಿರೋಧ. ಇನ್ನೊಂದು ಸಲ ಮಾಡಿದರೆ ಪೊಲೀಸಿಗೆ ಕೊಡ್ತೇವೆ" ಅಂತ ಗದರಿಸಿ, ಹಿಂದಿದ್ದ ಕಕ್ಕಸು ತೋರಿಸಿದಳಂತೆ. ಸಾಹುಕಾರ ಹೋಗಿ ಬಂದವನು ಸಪ್ಪಗಾಗಿಬಿಟ್ಟ.

"ತಾಯಿ, ಈಗ ಕೆಳಗ್ಡೆ ಯಾವೂರು?"

"ಯಾಕೆ?"

"ಪಾಪ, ಅವ್ರು ಮಳೆ ಬಂತು ಅಂದ್ಕೊಂಡಿರ್ತಾರೆ."

ಕಾಯಿ

ಇಲ್ಲಿಗೆ ಬಂದಾಗ ಆಕೆ ನನ್ನ ಲೋಟ ನೋಡಿ ಮತ್ತೆ ಕಾಪಿ ಬಗ್ಗಿಸಿದಳು. "ಅಕ್ಕ, ಒಳೆನರಸೀಪುರದಲ್ಲಿ ನಿನ್ ತಂಗಿ ಅವ್ಳಲ್ಲ, ಅಲ್ಲಿಗ್ ಯಾವಾಗ ಓಗ್ತೀಯ?" ಅಂದಳು. ಭಯಕ್ಕೆ ಕೇಳುತ್ತಾಳೆ, ಪಾಪ ಅಂದುಕೊಂಡೆ.

ಬೊಂಬಾಯಿಯಿಂದ ವಾಪಸ್ಸು ಬರುವಾಗ ವಿಮಾನ ಮೋಡಕ್ಕೆ ಸಿಕ್ಕಿ ಧಡಾರನೆ ಕೆಳಗಿಳಿಯಿತಂತೆ. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಸಾಹುಕಾರನಿಗೆ ಜೀವ ಬಾಯಿಗೆ ಬಂತು. ಆಕಾಶದಲ್ಲಿ ಕಾಪಾಡೋ ದೇವರು ಇನ್ಯಾರು, ಆಂಜನೇಯನೇ! ಬೊಂಬಾಯಿ ವ್ಯಾಪಾರಿಗೆ ಮಾದರಿ ತೋರಿಸಲು ಒಯ್ದಿದ್ದ ಕಾಯಿಯಲ್ಲಿ ಒಂದು ಚೀಲದಲ್ಲೇ ಉಳಿದಿತ್ತು. ಜೇಬಿನಲ್ಲಿ ಕರ್ಪೂರವೂ ಇತ್ತು. ತಿಂಡಿ ಕೊಟ್ಟಿದ್ದ ತಟ್ಟೆಯಲ್ಲೇ ಕರ್ಪೂರ ಹಚ್ಚಿ, ಮೂರು ಸುತ್ತು ಬೆಳಗಿ, "ಅಪ್ಪಾ ಆಂಜನೇಯಾ!" ಅಂತ ಸೀಟಿನ ಕಬ್ಬಿಣದ ಕಾಲಿಗೆ ಕುಕ್ಕಿದ ನೋಡಿ, ಕಾಯಿ ಎರಡು ಹೋಳು! ನೀರೆಲ್ಲ ಪಕ್ಕದ ಸೂಟಿನವನ ಮೈಮೇಲೆ. ವಿಮಾನದ ಹುಡುಗಿ ಹೂಜಿ ನೀರು ತಂದು ಕರ್ಪೂರದ ಮೇಲೆ ಸುರಿದಳು, ಉಳಿದದ್ದೂ ಸೂಟಿನವನ ಮೈಮೇಲೇ.

ಅಷ್ಟರಲ್ಲಿ ವಿಮಾನದ ಕುಲುಕಾಟ ನಿಂತುಹೋಯಿತಂತೆ. "ನೋಡುದ್ರಾ?" ಅಂತ ಸಾಹುಕಾರ ಕೊಬ್ಬರಿ ಎಬ್ಬಿಸಿ ಎಲ್ಲರಿಗೂ ಪ್ರಸಾದ ಹಂಚಿದ. ಕೆಂಡಾಮಂಡಲವಾಗಿ ಬಂದ ಪೈಲಟ್ಟಿಗೂ ಒಂದು ಚೂರು ಕೊಟ್ಟ. ಆತ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಬೆಂಗಳೂರಿನಲ್ಲಿ ಇಳಿದ ಕೂಡಲೇ ಅದನ್ನೇ ಪೊಲೀಸರಿಗೆ ಕೊಟ್ಟ, ಸಾಕ್ಷಿಗೆ.

ಕೋರ್ಟು

ಮ್ಯಾಜಿಸ್ಟ್ರೇಟರು ಕನ್ನಡಕ ಇಳಿಸಿ ನೋಡಿದರಂತೆ. ಹಾರುವ ವಿಮಾನದಲ್ಲಿ ಬೆಂಕಿ ಹಚ್ಚಿದರೆ ಜೈಲಿಗೂ ಹಾಕಬಹುದು, ದಂಡವನ್ನೂ ಹಾಕಬಹುದು ಅಂತ ಕಾನೂನು ಓದಿ ಹೇಳಿದರು. ಸಾಹುಕಾರ ಕೈ ಮುಗಿದ.

"ಸ್ವಾಮಿ, ನಮ್ ಬಸ್ಸಲ್ಲಿ ಡ್ರೈವರೇ ದಿನಾ ಊದುಬತ್ತಿ ಅಚ್ತಾನೆ. ಅವ್ನುನ್ನ ಯಾರೂ ಇಡ್ಕೊಂಡೋಗಿಲ್ಲ."

"ಅಯ್ಯಾ, ಬಸ್ಸು ಕೆಟ್ಟರೆ ಕೆಳಗಿಳಿದು ತಳ್ಳಬಹುದು. ವಿಮಾನ ಕೆಟ್ಟರೆ ಎಲ್ಲಿ ಇಳೀತೀಯ?"

"ಅದ್ಕೇ ಸ್ವಾಮಿ ಕಾಯಿ ಒಡ್ದಿದ್ದು!"

ಕೋರ್ಟೆಲ್ಲ ನಕ್ಕಿತಂತೆ. ಮ್ಯಾಜಿಸ್ಟ್ರೇಟರೂ ಕರ್ಚೀಫು ಅಡ್ಡ ಹಿಡಿದುಕೊಂಡರಂತೆ. ಆದರೂ ದಂಡ ಬಿಡಲಿಲ್ಲ. ಸಾಹುಕಾರ ಅಲ್ಲೇ ಕಟ್ಟಿ, ಹೊರಡುವ ಮುಂಚೆ ಪೊಲೀಸಿನವನ ಹತ್ತಿರ ಹೋಗಿ ತನ್ನ ಕೊಬ್ಬರಿ ಚೂರು ವಾಪಸ್ಸು ಕೇಳಿದ. ಅದು ತನಿಖೆಯ ಕಾಲದಲ್ಲೇ ಖರ್ಚಾಗಿತ್ತು.

ಹೊಳೆನರಸೀಪುರ

ಇಂಥ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು ಊರಲ್ಲಿ ಹೇಗಿರಲಿ? ಮಾರನೇ ಬೆಳಗ್ಗೆಯೇ ತಂಗಿ ಮನೆಗೆ ಹೊರಟೆ. ಸುತ್ತಾದರೂ ಹಾಸನದ ಮೇಲೇ ಹೋದೆ, ಯಾಕೆಂದರೆ ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ, ಅವಳೂ ನನ್ನ ಹಾಗೇ ಬಾಯಿ ಬಿಡುವವಳಲ್ಲ. ಹೊಳೆನರಸೀಪುರದಲ್ಲಿ ತಂಗಿಗೆ ಹೇಳಿದೆ, ಆಮೇಲೆ ನೀರಿಗೆ ಬಂದಿದ್ದ ಹೆಂಗಸರಿಗೆ ಹೇಳಿದೆ. ಎಲ್ಲರಿಂದಲೂ ಆಣೆ ಹಾಕಿಸಿಕೊಂಡೇ ಹೇಳಿದ್ದು. ಅವರಲ್ಲೊಬ್ಬಳು ಶಿರಸ್ತೇದಾರರ ಮನೆಯ ಪಕ್ಕದವಳು ಅಂತ ಮೊದಲೇ ವಿಚಾರಿಸಿಕೊಂಡಿದ್ದೆ.

ಆ ವಾರದಲ್ಲೇ ಶಿರಸ್ತೇದಾರರು ಎದುರುಮನೆಯ ಮುಂದೆ ಬಂದಿಳಿದರು. ಸಂಬಂಧ ಮುರಿಯೋದನ್ನು ಕಣ್ಣಾರೆ ನೋಡಬೇಕಲ್ಲ, ನಾನು ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಹೋಗಿ ಅಡಿಗೆಮನೆ ಬಾಗಿಲಲ್ಲಿ ನಿಂತೆ. ಶಿರಸ್ತೇದಾರರು ಜಮಖಾನದ ಮೇಲೆ ಕೂತವರೇ ಶುರು ಮಾಡಿದರು.

"ವಿಮಾನದಲ್ಲಿ ಕಾಯಿ ಒಡೆದದ್ದು ನಿಜವೋ?"

ಸಾಹುಕಾರ ಬೆವರಿದ. "ನಿಜ ಸಾ."

"ವಿಮಾನ ಆಗ ಹಾರುತ್ತಿತ್ತೋ, ನಿಂತಿತ್ತೋ?"

"ಆರ್ತಿತ್ತು ಸಾ."

"ಕೋರ್ಟಿನಲ್ಲಿ ಸಾಬೀತಾಗಿ ದಂಡ ಬಿತ್ತೋ?"

"ಬಿತ್ತು ಸಾ."

ಮುಗಿಯಿತು ಅಂದುಕೊಂಡು ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಶಿರಸ್ತೇದಾರರು ಎದ್ದು ಸಾಹುಕಾರನ ಎರಡೂ ಕೈ ಹಿಡಿದುಕೊಂಡರು!

"ಅಂದಮೇಲೆ ನೀವು ವಿಮಾನದಲ್ಲಿ ಹಾರಿದ್ದು ಕೋರ್ಟೇ ಒಪ್ಪಿದ ಸಂಗತಿ. ಆ ಅರಕಲಗೂಡಿನವರಿಗೆ ಕಾರಿನ ಮೇಲೆ ಒಂದು ದಂಡವಾದರೂ ಬಿದ್ದಿದೆಯೇ? ಇಲ್ಲ. ಅವರು ಕಾರು ಓಡಿಸುತ್ತಾರೆ ಅಂತ ಯಾವ ಆಧಾರದ ಮೇಲೆ ನಂಬೋದು?"

ಅಲ್ಲೇ ಎಲೆಅಡಿಕೆ ಬದಲಾಯಿಸಿಕೊಂಡರು. ನನ್ನ ಕೈಯ ಖಾಲಿ ಬಟ್ಟಲು ಹಾಗೇ ಇತ್ತು. ಸಾಹುಕಾರನ ಹೆಂಡತಿ ಒಳಗೆ ಬಂದು, ಬಟ್ಟಲಿಗೆ ಮೊಸರು ಹಾಕಿ, ನನ್ನ ಮುಖ ನೋಡಿ ನಕ್ಕಳು. ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ.

"ಅಕ್ಕ, ಟಾಂ ಟಾಂ ಒಡ್ಯೋನ್ಗೆ ಯೋಳಿದ್ರೆ ದುಡ್ಡೂ ಕೇಳ್ತಿದ್ದ, ಊರಾಚೆಗೂ ಓಗ್ತಿರ್ನಿಲ್ಲ. ನೀನು ನೋಡು, ಎಲ್ಡ್ ಲೋಟ ಕಾಪೀಗೆ ಆಸನ ಸುತ್ಕಂಡು ಒಳೆನರಸೀಪುರ್ದ ತಂಕ ಸಾರ್ಬುಟ್ಟು ಬಂದೆ. ಬಸ್ ಚಾರ್ಜೂ ನಿಂದೇಯ!"